ಕುಂಞಾಲಿ ಮರಕ್ಕಾರ್: ಅರಸನ ನೌಕಾಪಡೆ ಅರಸನಿಗೇ ಬೇಡವಾದಾಗ

1600ನೇ ಇಸವಿಯ ಹೊತ್ತಿನ ಮಾತು. ಮಲಬಾರಿನ ಒಂದು ಹೊಳೆಯ ಅಳಿವೆಯಲ್ಲಿ ಒಂದು ಕೋಟೆ. ಕಡಲ ಕಡೆಯಿಂದ ಪೋರ್ಚುಗೀಸರ ಹಡಗುಗಳು, ನೆಲದ ಕಡೆಯಿಂದ ಕಲ್ಲಿಕೋಟೆಯ ಸಾಮೂದಿರಿ ಅರಸರ ನಾಯರ್ ಸೈನ್ಯ ಅದನ್ನು ಸುತ್ತಿಕೊಂಡಿವೆ. ಒಳಗಿದ್ದವರಿಗೆ ಉಣ್ಣಲು ಅಕ್ಕಿ ಇಲ್ಲ. ಆ ಹೊತ್ತಿಗೆ ಅವರಿಗೆ ಅಕ್ಕಿ ಕಳಿಸಿದ್ದು ಯಾರು ಅಂತ ಕೇಳಿದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ನಮ್ಮ ಉಳ್ಳಾಲದ ರಾಣಿ. ಜೈನ ಮತದ ಚೌಟ ಅರಸು ಮನೆತನದ ಹೆಂಗಸು, ಮುಸ್ಲಿಂ ನಾವಿಕನೊಬ್ಬನ ಕೋಟೆಗೆ ಅಕ್ಕಿ ಕಳಿಸಿದ್ದರು. ಆ ಕೋಟೆಯನ್ನು ಸುತ್ತಿಕೊಂಡು ನಿಂತಿದ್ದ ಅರಸರಾದರೋ ಅದೇ ನಾವಿಕನ ಒಡೆಯರು, ಅವನ ಮನೆತನಕ್ಕೆ ಬಿರುದು ಕೊಟ್ಟು ಮೆರೆಸಿದವರು.

ಆ ನಾವಿಕರೇ ನಾಲ್ಕನೇ ಕುಂಞಾಲಿ ಮರಕ್ಕಾರ್. ಹೆಸರು ಮುಹಮ್ಮದ್.

ನಮ್ಮ ಮನೆಗಳಲ್ಲಿ ಈ ಹೆಸರು ಕೇಳದವರು ಕಡಿಮೆ. ಮಲಯಾಳದಲ್ಲಿ ಸಿನೆಮಾ ಬಂತು, ಒಂದಲ್ಲ ಎರಡು. 1967ರಲ್ಲಿ ಒಂದು, ಮೊನ್ನೆ 2021ರಲ್ಲಿ ಮೋಹನ್‌ಲಾಲ್ ಅವರದ್ದು ಇನ್ನೊಂದು. ಆದರೆ ಸಿನೆಮಾ ನೋಡಿ ಬಂದವರಲ್ಲಿ ಹೆಚ್ಚಿನವರು ಕುಂಞಾಲಿ ಅಂದರೆ ಒಬ್ಬರೇ ಮನುಷ್ಯ ಅಂತ ತಿಳಿದುಕೊಂಡಿದ್ದಾರೆ. ಹಾಗಲ್ಲ. ಕುಂಞಾಲಿ ಎಂಬುದು ಸಾಮೂದಿರಿ ಕೊಟ್ಟ ಬಿರುದು. ಆ ಬಿರುದು ಹೊತ್ತವರು ಒಬ್ಬರ ನಂತರ ಒಬ್ಬರಾಗಿ ನಾಲ್ವರು. ಮೊದಲನೆಯವರಿಂದ ನಾಲ್ಕನೆಯವರವರೆಗೆ ಹತ್ತಿರ ಹತ್ತಿರ 80 ವರ್ಷ. ಈ 80 ವರ್ಷಗಳಲ್ಲಿ ಅವರು ಕಟ್ಟಿದ ಪಡೆ ಏನೇನು ಕೆಲಸ ಮಾಡಿತು, ಆ ಕೆಲಸ ಹೇಗೆ ಬದಲಾಗುತ್ತಾ ಹೋಯಿತು ಎಂಬುದನ್ನು ನೋಡದೆ ಕೊನೆಯವರ ಜೀವನ ಅರ್ಥವಾಗುವುದಿಲ್ಲ. ಯಾಕೆಂದರೆ ಅವರನ್ನು ಕೊಂದದ್ದು ಪೋರ್ಚುಗೀಸರ ಕತ್ತಿಯಾದರೂ, ಆ ಕತ್ತಿಯವರೆಗೆ ಅವರನ್ನು ತಂದು ನಿಲ್ಲಿಸಿದ್ದು ಈ ಬದಲಾವಣೆ.

ಮರಕ್ಕಾರರು ಮೊದಲಿಗೆ ಸೈನಿಕರೇ ಅಲ್ಲ. ವ್ಯಾಪಾರಿಗಳು. ಬ್ಯಾರಿ ಎಂಬ ನಮ್ಮ ಹೆಸರೇ ವ್ಯಾಪಾರದಿಂದ ಬಂದದ್ದು ಅಂತ ನಾವು ಹೇಳಿಕೊಳ್ಳುತ್ತೇವಲ್ಲ, ಅವರದ್ದೂ ಹಾಗೆಯೇ, ಕಡಲಿನ ಬದುಕು. ತಮಿಳು ಕರಾವಳಿಯ ಬಂದರುಗಳಿಗೂ ಕೊಚ್ಚಿಗೂ ನಡುವೆ ಅವರ ಹಡಗುಗಳು ಓಡಾಡುತ್ತಿದ್ದವು. ಮುಖ್ಯ ಸರಕು ಅಕ್ಕಿ. ಮಲಬಾರಿನಲ್ಲಿ ಮೆಣಸು ಧಾರಾಳ, ಅಕ್ಕಿ ಮಾತ್ರ ಸಾಲದು. ಹೊರಗಿಂದಲೇ ಬರಬೇಕು. ತಮಿಳುನಾಡಿನಿಂದ ಬರಬೇಕು, ಇಲ್ಲವಾದರೆ ನಮ್ಮ ಮಂಗಳೂರು, ಬಸ್ರೂರು, ಭಟ್ಕಳದ ಕಡೆಯಿಂದ ಹೋಗಬೇಕು. ಆ ಕಾಲದಲ್ಲಿ ಕಡಲ ದಾರಿ ಮುಚ್ಚಿದರೆ ಮಲಬಾರಿನ ಒಲೆ ಆರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಬೇಕು, ಕಥೆಯ ಕೊನೆಗೂ ಇದೇ ಅಕ್ಕಿ ಬರುತ್ತದೆ.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1500ರಲ್ಲಿ ಕಬ್ರಾಲ್ ಎಂಬವನು ಬಂದು ಆ ಪಟ್ಟಣದ ಮೇಲೆ ಫಿರಂಗಿ ಹಾರಿಸಿದ. 1502ರಲ್ಲಿ ಗಾಮ ಎರಡನೇ ಸಲ ಬಂದಾಗ ಮಕ್ಕಾದಿಂದ ಬರುತ್ತಿದ್ದ ಯಾತ್ರಿಕರ ಹಡಗನ್ನು, ಹೆಂಗಸರು ಮಕ್ಕಳ ಸಮೇತ, ನಡುಗಡಲಲ್ಲಿ ಸುಟ್ಟ. ಅದುವರೆಗೆ ಅರಬ್ಬಿ ಕಡಲು ಯಾರಪ್ಪನ ಆಸ್ತಿಯೂ ಆಗಿರಲಿಲ್ಲ. ಅರಬರು, ಗುಜರಾತಿಗಳು, ಚೆಟ್ಟಿಗಳು, ಮಾಪಿಳ್ಳೆಗಳು ಎಲ್ಲರೂ ಬಂದರಿಗೆ ಸುಂಕ ಕೊಟ್ಟು ವ್ಯಾಪಾರ ಮಾಡುತ್ತಿದ್ದರು. ಪೋರ್ಚುಗೀಸರು ಬಂದವರೇ ಕಡಲೇ ನಮ್ಮದು ಅಂದುಬಿಟ್ಟರು. ಕಾರ್ತಾಸ್ ಎಂಬ ಒಂದು ಚೀಟಿ ಮಾಡಿದರು. ಯಾವ ಹಡಗು, ಎಲ್ಲಿಗೆ ಹೋಗುತ್ತದೆ, ಒಳಗೆ ಏನುಂಟು ಎಲ್ಲ ಬರೆಸಿಕೊಂಡು, ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಚೀಟಿ ಇಲ್ಲದ ಹಡಗು ಸಿಕ್ಕಿದರೆ ಸರಕೂ ಹೋಯಿತು, ಹಡಗೂ ಹೋಯಿತು. ಕೆಲವು ಸಲ ಚೀಟಿ ಇದ್ದರೂ ಹೋಯಿತು.

ಒಂದು ವಿಷಯ ಮುಚ್ಚಿಡಬಾರದು. ಮರಕ್ಕಾರರಲ್ಲಿ ಕೆಲವರು ಮೊದಮೊದಲು ಕೊಚ್ಚಿಯಲ್ಲಿ ಈ ಪೋರ್ಚುಗೀಸರೊಂದಿಗೇ ವ್ಯಾಪಾರ ಮಾಡಿದವರು, ಅವರಿಗೆ ಮೆಣಸು, ಅಕ್ಕಿ ಒದಗಿಸಿದವರು. ವ್ಯಾಪಾರಿಗೆ ಗಿರಾಕಿ ಮುಖ್ಯ, ಅಷ್ಟೆ. ಆದರೆ ಪೋರ್ಚುಗೀಸ್ ಅಧಿಕಾರಿಗಳು ತಾವೇ ಸ್ವಂತ ವ್ಯಾಪಾರಕ್ಕಿಳಿದು ಇವರ ಹಡಗುಗಳ ಮೇಲೆ ಕೈಯಿಡತೊಡಗಿದಾಗ ಬಾಳುವೆ ಆಗಲಿಲ್ಲ. 1520ರ ದಶಕದಲ್ಲಿ ಅವರಲ್ಲಿ ಕೆಲವು ಮನೆಯವರು ಕೊಚ್ಚಿ ಬಿಟ್ಟು ಸಾಮೂದಿರಿಯ ರಾಜ್ಯಕ್ಕೆ ಬಂದರು. ತಮ್ಮ ಹಡಗು, ಆಳು, ಹಣ ಎಲ್ಲವನ್ನೂ ಅರಸರ ಮುಂದಿಟ್ಟರು. ಸಾಮೂದಿರಿಗೆ ನೆಲದ ಮೇಲೆ ನಾಯರ್ ಪಡೆ ಬೇಕಾದಷ್ಟಿತ್ತು, ಕಡಲಿನಲ್ಲಿ ಪೋರ್ಚುಗೀಸರನ್ನು ಎದುರಿಸುವ ಪಡೆ ಇರಲಿಲ್ಲ. ಹೀಗೆ ಕಲ್ಲಿಕೋಟೆಯ ನೌಕಾಪಡೆ ಹುಟ್ಟಿತು. ಅರಸರ ಬೊಕ್ಕಸದಿಂದ ಹುಟ್ಟಿದ್ದಲ್ಲ. ಹಡಗು ಕಳೆದುಕೊಂಡ ವ್ಯಾಪಾರಿಗಳ ಸಿಟ್ಟಿನಿಂದ ಹುಟ್ಟಿದ್ದು. ಮುಂದೆ ಆದದ್ದಕ್ಕೆಲ್ಲ ಇದು ಒಂದು ಕಾರಣ ಅಂತ ನಮಗನಿಸುತ್ತದೆ. ಹಡಗು ಅರಸರದ್ದಲ್ಲ, ಕೆಲಸ ಮಾತ್ರ ಅರಸರದ್ದು.

ಮೊದಲಿಗೆ ಈ ಪಡೆಯ ಕೆಲಸ ಸುಲಭವಾಗಿ ಹೇಳುವಂಥದ್ದೇ. ಚೀಟಿ ಇಲ್ಲದೆ ಹೊರಟ ನಮ್ಮ ಹಡಗುಗಳನ್ನು ಕಾಯುವುದು, ಸಿಕ್ಕಿದ ಕಡೆ ಪೋರ್ಚುಗೀಸರ ಹಡಗಿಗೆ ಹೊಡೆಯುವುದು. ದೊಡ್ಡ ಹಡಗಿಗೆ ದೊಡ್ಡ ಹಡಗು ಎದುರು ನಿಲ್ಲಿಸಿದ್ದರೆ ಒಂದೇ ದಿನದಲ್ಲಿ ಕಥೆ ಮುಗಿಯುತ್ತಿತ್ತು. ಫಿರಂಗಿಯ ಬಲ ಅವರಲ್ಲಿತ್ತು. ಅದಕ್ಕೇ ಮರಕ್ಕಾರರು ಸಣ್ಣ ದೋಣಿಗಳನ್ನು ನೆಚ್ಚಿದರು. ಉದ್ದನೆಯ, ತೆಳ್ಳಗಿನ, ಹಾಯಿಯೂ ಉಂಟು ಹುಟ್ಟೂ ಉಂಟು ಎಂಬಂಥ ದೋಣಿಗಳು. ಒಂದೊಂದರಲ್ಲಿ 30, 40 ಜನ. ಗಾಳಿ ಬಿದ್ದಾಗ ದೊಡ್ಡ ಹಡಗು ಕಡಲ ಮಧ್ಯೆ ಮರದ ದಿಮ್ಮಿಯ ಹಾಗೆ ನಿಂತುಬಿಡುತ್ತದೆ. ಇವರಿಗೆ ಗಾಳಿಯ ಹಂಗಿಲ್ಲ, ಹುಟ್ಟು ಹಾಕಿಕೊಂಡು ಎಲ್ಲಾ ಕಡೆಯಿಂದ ಮುತ್ತಿಕೊಳ್ಳುತ್ತಿದ್ದರು. ಬೆನ್ನಟ್ಟಿ ಬಂದರೆ ಯಾವುದಾದರೂ ಅಳಿವೆಯೊಳಗೆ ನುಗ್ಗಿಬಿಡುವುದು. ಅಳಿವೆಯ ಮರಳದಿಬ್ಬ ಎಲ್ಲಿ, ಭರತದ ನೀರು ಯಾವಾಗ ಅಂತ ಊರಿನ ಮೀನುಗಾರನಿಗೆ ಗೊತ್ತಿರುವಷ್ಟು ಲಿಸ್ಬನ್ನಿನಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಉಳ್ಳಾಲ, ಬೆಂಗ್ರೆ, ಗಂಗೊಳ್ಳಿಯ ದೋಣಿಯವರನ್ನು ಕೇಳಿದರೆ ಇದು ಒಂದು ಮಾತಿನಲ್ಲಿ ಅರ್ಥವಾಗುತ್ತದೆ.

ಹುಟ್ಟು ಹಾಕಲು ಜನ ಬೇಕಲ್ಲ. ಮೀನುಗಾರರ ಪ್ರತಿ ಮನೆಯಿಂದಲೂ ಒಬ್ಬಿಬ್ಬರು ಗಂಡುಮಕ್ಕಳನ್ನು ಮುಸ್ಲಿಮರಾಗಿ ಬೆಳೆಸಬೇಕೆಂದು ಸಾಮೂದಿರಿಯೇ ಅಪ್ಪಣೆ ಮಾಡಿದ್ದರೆಂಬ ಮಾತು ಮಲಬಾರಿನಲ್ಲಿ ಹಿಂದಿನಿಂದ ಉಂಟು. ವಿಲಿಯಂ ಲೋಗನ್ ತನ್ನ ಮಲಬಾರ್ ಮ್ಯಾನುವಲ್‌ನಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಹಿಂದೂ ಅರಸರೊಬ್ಬರು ತಮ್ಮ ಕಡಲ ಪಡೆಗೋಸ್ಕರ ಹೀಗೆ ಹೇಳಿದರು ಎಂದರೆ, ಆ ಪಡೆ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಈ ದೋಣಿಗಳು ನಮ್ಮ ಕಡೆಗೂ ಬಂದಿದ್ದವು. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಒಂದೆರಡು ವರ್ಷದೊಳಗೆ ಕಲ್ಲಿಕೋಟೆಯ ನಾವಿಕ ಕುಟ್ಟಿ ಪೋಕರ್ ತನ್ನ ದೋಣಿಗಳೊಂದಿಗೆ ಬಂದು ಆ ಕೋಟೆಗೆ ನುಗ್ಗಿ ಬೆಂಕಿ ಹಚ್ಚಿದ. ಉಳ್ಳಾಲದ ಅಬ್ಬಕ್ಕ ರಾಣಿಗೆ ನೆರವಾಗಿಯೇ ಬಂದದ್ದು ಅಂತ ನಮ್ಮ ಊರಿನ ಇತಿಹಾಸ ಹೇಳುವವರು ಹೇಳುತ್ತಾರೆ. ಪೊನ್ನಾನಿಯ ಆಲಿಮರಾದ ಶೈಖ್ ಝೈನುದ್ದೀನ್ ಮಖ್ದೂಮರು ಆ ಕಾಲದಲ್ಲೇ ಬರೆದ ತುಹ್ಫತುಲ್ ಮುಜಾಹಿದೀನ್ ಎಂಬ ಅರಬಿ ಗ್ರಂಥದಲ್ಲಿ ಈ ದಾಳಿಯ ವಿವರ ಉಂಟು. ಕುಟ್ಟಿ ಪೋಕರ್ ಊರಿಗೆ ಮುಟ್ಟಲಿಲ್ಲ. ಹಿಂತಿರುಗುವಾಗ ಕಣ್ಣೂರಿನ ಹತ್ತಿರ ಪೋರ್ಚುಗೀಸರ ಹಡಗುಗಳು ಅಡ್ಡ ಸಿಕ್ಕಿ, ಅವನೂ ಅವನ ಜೊತೆಯವರಲ್ಲಿ ಹೆಚ್ಚಿನವರೂ ಅಲ್ಲಿಯೇ ತೀರಿಹೋದರು. ಇವತ್ತು ಮಂಗಳೂರಿನಲ್ಲಿ ಆ ಹೆಸರಿನ ಒಂದು ರಸ್ತೆಯೂ ಇದ್ದಂತಿಲ್ಲ.

ಆಮೇಲೆ ಬಂತು 1571. ಕಲ್ಲಿಕೋಟೆಯ ಹತ್ತಿರ ಚಾಲಿಯಂನಲ್ಲಿ ಪೋರ್ಚುಗೀಸರು 1531ರಲ್ಲೇ ಒಂದು ಕೋಟೆ ಕಟ್ಟಿದ್ದರು. ಅದು ಸಾಮೂದಿರಿಯ ಗಂಟಲಿಗೆ ಹಿಡಿದ ಚೂರಿಯ ಹಾಗಿತ್ತು. ಮೂರನೇ ಕುಂಞಾಲಿ, ಪಟ್ಟು ಮರಕ್ಕಾರ್ ಎಂದು ಜನ ಕರೆಯುತ್ತಿದ್ದವರು, ಕೋಟೆ ಮುತ್ತಲು ಒದಗಿದ ಹೊತ್ತು ಮಳೆಗಾಲ. ಆಟಿಯ ಕಡಲಿಗೆ ಯಾರು ಇಳಿಯುತ್ತಾರೆ? ಗೋವಾದಿಂದ ಸಹಾಯಕ್ಕೆ ಹಡಗು ಬರುವುದು ಕಷ್ಟ, ಬಂದರೂ ಅಳಿವೆ ದಾಟುವುದು ಇನ್ನೂ ಕಷ್ಟ. ಇವರು ನೆಲದ ಮೇಲೆ ಕಂದಕ ತೋಡಿ, ಫಿರಂಗಿ ಇಟ್ಟು, ಒಳಗಿನವರಿಗೆ ತಿನ್ನಲಿಕ್ಕೆ ಏನೂ ಸಿಗದ ಹಾಗೆ ಮಾಡಿದರು. ಕೋಟೆ ಶರಣಾಯಿತು. ಅರಸರ ಆಳುಗಳು ಕಲ್ಲಿನ ಮೇಲೆ ಕಲ್ಲು ಉಳಿಯದ ಹಾಗೆ ಅದನ್ನು ಕೆಡವಿದರು. ಕೋಟೆ ಒಪ್ಪಿಸಿದ ಮುದುಕ ಕಪ್ತಾನನ ತಲೆಯನ್ನು ಮುಂದೆ ಗೋವಾದಲ್ಲಿ ಪೋರ್ಚುಗೀಸರೇ ಕಡಿಸಿದರು.

ಇಲ್ಲಿ ಪಡೆಯ ಕೆಲಸ ಒಂದು ಮೆಟ್ಟಿಲು ಮೇಲೇರಿತು ನೋಡಿ. ಹಡಗು ಕಾಯುತ್ತಿದ್ದವರು, ಹೊಡೆದು ಓಡುತ್ತಿದ್ದವರು, ಈಗ ಕೋಟೆ ಗೆದ್ದವರು. ಸಾಮೂದಿರಿ ಖುಷಿಪಟ್ಟು ಮೂರನೇ ಕುಂಞಾಲಿಗೆ ತನ್ನದೇ ಒಂದು ಕೋಟೆ ಕಟ್ಟಿಕೊಳ್ಳಲು ಅನುಮತಿ ಕೊಟ್ಟರು. ವಡಗರದ ತೆಂಕು ಬದಿಗೆ, ಇರಿಂಗಲ್ ಎಂಬಲ್ಲಿ, ಹೊಳೆ ಸುತ್ತುವರಿದು ಕಡಲಿಗೆ ಸೇರುವ ಜಾಗದಲ್ಲಿ 1573ರ ಸುಮಾರಿಗೆ ಮರಕ್ಕಾರ್ ಕೋಟೆ ಎದ್ದಿತು. ಅಳಿವೆಯಿಂದ ಅಳಿವೆಗೆ ಅಡಗುತ್ತಿದ್ದ ಪಡೆಗೆ ಒಂದು ವಿಳಾಸ ಸಿಕ್ಕಿತು. ಪಟ್ಟಣ ಬೆಳೆಯಿತು, ಪೇಟೆ ಬೆಳೆಯಿತು. ಅದು ಪ್ರೀತಿಯಿಂದ ಕೊಟ್ಟ ಉಡುಗೊರೆ, ನಿಜ. ಆದರೆ ಒಡೆಯನಿಗೆ ಸೈನಿಕ ಬೇಕು, ಗೋಡೆಯೊಳಗೆ ತನ್ನದೇ ಪಟ್ಟಣ ಇಟ್ಟುಕೊಂಡ ಸೈನಿಕ ಎಷ್ಟು ದಿನ ಬೇಕು?

ಉತ್ತರ 1584ರಲ್ಲಿ ಸಿಕ್ಕಿತು. ಸಾಮೂದಿರಿ ಪೋರ್ಚುಗೀಸರೊಂದಿಗೆ ಸಂಧಿ ಮಾಡಿಕೊಂಡು ಪೊನ್ನಾನಿಯಲ್ಲಿ ಅವರಿಗೆ ಕೋಠಿ ತೆರೆಯಲು ಬಿಟ್ಟರು. ಅರಸರನ್ನು ಮಾತ್ರ ದೂರುವುದು ಸರಿಯಲ್ಲ. ವರ್ಷಗಟ್ಟಲೆ ಬಂದರಿನ ಬಾಯಿ ಮುಚ್ಚಿತ್ತು, ಅಕ್ಕಿ ಬರುವುದು ನಿಂತಿತ್ತು, ಸುಂಕ ಇಲ್ಲ, ಪ್ರಜೆಗಳಿಗೆ ಅನ್ನ ಇಲ್ಲ. ಅರಸ ಎಂದ ಮೇಲೆ ಎಂದಾದರೂ ಒಂದು ದಿನ ಸಂಧಿ ಮಾಡಲೇಬೇಕು. 1540ರಲ್ಲಿಯೂ ಒಂದು ಸಂಧಿ ಆಗಿತ್ತು, ಹತ್ತು ವರ್ಷದಲ್ಲಿ ಮುರಿದು ಮತ್ತೆ ಯುದ್ಧ ಬಂದಿತ್ತು. ಈ ಸಲದ್ದೂ ಹಾಗೆಯೇ ಆಗಬಹುದೆಂದು ಕೋಟೆಯೊಳಗೆ ಕೆಲವರಾದರೂ ಅಂದುಕೊಂಡಿರಬೇಕು.

ಆದರೆ ಆ ಸಂಧಿ ಮಾಡುವಾಗ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಇನ್ನು ಮೇಲೆ ಈ ಕಡಲ ಪಡೆ ಮಾಡುವುದೇನು? ಇವರು ಸಂಬಳದ ಜನ ಅಲ್ಲ. ಶತ್ರುವಿನ ಹಡಗಿನಿಂದ ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆದು, ದೋಣಿ ರಿಪೇರಿ ಮಾಡಿಸಿ, ಮದ್ದುಗುಂಡು ತಂದವರು. ಶತ್ರುವೇ ಈಗ ಮಿತ್ರನಾದರೆ? ನೆಲದ ಸೈನಿಕನಾದರೆ ಕತ್ತಿ ಗೋಡೆಗೆ ತೂಗಿ ಗದ್ದೆಗೆ ಹೋಗುತ್ತಾನೆ. ಇವರಿಗೆ ಗದ್ದೆ ಇಲ್ಲ, ಇದ್ದದ್ದೇ ಕಡಲು, ಅದಕ್ಕೆ ಪೋರ್ಚುಗೀಸರ ಚೀಟಿ ಬೇಕು. ಅವರಿಗೆ ಬೇರೆ ಕೆಲಸವನ್ನು ಯಾರೂ ಕೊಡಲಿಲ್ಲ. ಅವರು ಹಳೆ ಕೆಲಸವನ್ನೇ ಮುಂದುವರಿಸಿದರು. ನಿನ್ನೆಯವರೆಗೆ ದೇಶ ಕಾಯುವ ಕೆಲಸ ಎಂದು ಅರಸರು ಬಿರುದು ಕೊಟ್ಟದ್ದಕ್ಕೆ ಇವತ್ತು ಕಡಲ್ಗಳ್ಳತನ ಎಂಬ ಹೆಸರು ಬಂತು. ಮೂರನೇ ಕುಂಞಾಲಿ ಮಾತ್ರ ಸುಮ್ಮನಿರಲಿಲ್ಲ, ಮುಂದೆ ಏನು ಬರುತ್ತದೆ ಎಂದು ತಿಳಿದವರ ಹಾಗೆ ಕೋಟೆಯನ್ನು ಗಟ್ಟಿ ಮಾಡಿಸುತ್ತಾ ಹೋದರು. 1595ರ ಹೊತ್ತಿಗೆ ಅವರು ತೀರಿಕೊಂಡರು. ಅವರ ಸೋದರಳಿಯ ಮುಹಮ್ಮದ್ ಅದೇ ಬಿರುದು ಹೊತ್ತು ಅದೇ ಕೋಟೆಗೆ ಒಡೆಯರಾದರು.

ನಾಲ್ಕನೇ ಕುಂಞಾಲಿ ಬೆಳೆದದ್ದೇ ಯುದ್ಧದ ನಡುವೆ. ಐವತ್ತರ ಆಸುಪಾಸಿನ, ಎತ್ತರ ಕಡಿಮೆಯ, ಗಟ್ಟಿಮುಟ್ಟಾದ ಆಳು ಎಂದು ಪೋರ್ಚುಗೀಸ್ ಬರಹಗಾರ ದಿಯೋಗೊ ದೊ ಕೌಟೊ ಬರೆದಿದ್ದಾನೆ. ಅವರ ಬಲಗೈಯಾಗಿದ್ದವನು ಚೀನಾಲಿ ಎಂಬ ಚೀನೀ ಮೂಲದ ಮನುಷ್ಯ. ಪೋರ್ಚುಗೀಸರಿಗೆ ಅವನ ಮೇಲೆ ಕುಂಞಾಲಿಯವರ ಮೇಲಿದ್ದಷ್ಟೇ ಸಿಟ್ಟಿತ್ತು.

ಇಲ್ಲಿಂದ ಮುಂದೆ ಕಥೆ ಎರಡು ಬಗೆಯಲ್ಲಿ ಹೇಳಲ್ಪಡುತ್ತದೆ. ಕುಂಞಾಲಿ ತನ್ನನ್ನು ಮಲಬಾರಿನ ಮುಸ್ಲಿಮರ ಅರಸ, ಕಡಲಿನ ಒಡೆಯ ಎಂದು ಕರೆದುಕೊಂಡರು, ಸಾಮೂದಿರಿಯ ಆನೆಯ ಬಾಲ ಕಡಿಸಿದರು, ಕೇಳಲು ಬಂದ ನಾಯರನ್ನು ಅವಮಾನ ಮಾಡಿ ಕಳಿಸಿದರು ಅಂತ ಒಂದು ಕಥೆ. ಅದೆಲ್ಲ ಅವರ ತಲೆ ಕಡಿದವರು ಬರೆಸಿದ್ದು, ನಂಬಬೇಡಿ ಅಂತ ಇನ್ನೊಂದು. ನಮಗೆ ಎರಡೂ ಪೂರ್ತಿಯಾಗಿ ಒಪ್ಪಿಗೆ ಇಲ್ಲ. ಗೆದ್ದವನು ಬರೆದದ್ದರಲ್ಲಿ ಉಪ್ಪು ಹುಳಿ ಹೆಚ್ಚೇ ಇರುತ್ತದೆ. ಹಾಗಂತ, ನಮ್ಮವರು ಎಂಬ ಒಂದೇ ಕಾರಣಕ್ಕೆ ಅವರಿಂದ ತಪ್ಪೇ ಆಗಿಲ್ಲ ಎನ್ನುವುದೂ ಸರಿಯಲ್ಲ. ಮೂರು ತಲೆಮಾರು ಮರಕ್ಕಾರರನ್ನು ಸಾಕಿದ ಅರಸುಮನೆ, ಬರೀ ಪೋರ್ಚುಗೀಸರ ಚಾಡಿ ಕೇಳಿ ತನ್ನ ಸೈನ್ಯವನ್ನೇ ಅವರ ಮೇಲೆ ಕಳಿಸಿತು ಎಂದರೆ ಮನಸ್ಸು ಒಪ್ಪುವುದಿಲ್ಲ. ಅರಸರಿಗೆ ಭಯ ಹುಟ್ಟಿತ್ತು. ತನ್ನ ರಾಜ್ಯದೊಳಗೆ ತನ್ನ ಮಾತು ನಡೆಯದ ಒಂದು ಕೋಟೆ, ತಾನು ಮಾಡಿದ ಸಂಧಿಗೆ ಬೆಲೆ ಕೊಡದ ಒಂದು ಪಡೆ ಇದೆ ಎಂಬ ಭಯ. ಆ ಭಯಕ್ಕೆ ಕಾರಣ ಇತ್ತು. ಕುಂಞಾಲಿಯವರ ಹಟಕ್ಕೂ ಕಾರಣ ಇತ್ತು.

1597ರಿಂದ ಸಾಮೂದಿರಿಯೂ ಪೋರ್ಚುಗೀಸರೂ ಸೇರಿ ಕೋಟೆ ಮುರಿಯುವ ಮಾತುಕತೆ ನಡೆಸಿದರು. ಒಬ್ಬರ ಮೇಲೊಬ್ಬರಿಗೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ ಎಂಬುದು ಬೇರೆ ಮಾತು. 1599ರ ಮಾರ್ಚಿನಲ್ಲಿ ವೈಸರಾಯನ ತಮ್ಮ ಲೂಯಿಸ್ ಡ ಗಾಮ ಹಡಗುಗಳೊಂದಿಗೆ ಬಂದ. ಈ ವೈಸರಾಯ್ ಫ್ರಾನ್ಸಿಸ್ಕೊ ಡ ಗಾಮ ಆ ಹಳೆ ವಾಸ್ಕೊ ಡ ಗಾಮನ ಮರಿಮಗ. ರಾತ್ರಿಯಲ್ಲಿ ಬೆಂಕಿಯ ಗುರುತು ತೋರಿಸಿದ ಕೂಡಲೇ ಎರಡು ಕಡೆಯಿಂದ ಒಟ್ಟಿಗೆ ನುಗ್ಗಬೇಕೆಂದು ತೀರ್ಮಾನವಾಗಿತ್ತು. ಗುರುತು ತಪ್ಪಿತು. ಒಂದು ಕಡೆಯವರು ಹೊತ್ತಿಗೆ ಮೊದಲೇ ನುಗ್ಗಿದರು, ಇನ್ನೊಂದು ಕಡೆಯವರು ತಡ ಮಾಡಿದರು. ಹೊಳೆ ದಾಟಿ ಬಂದ ಪಡೆಯ ನಾಯಕ ಲೂಯಿಸ್ ಡ ಸಿಲ್ವ ಸತ್ತುಬಿದ್ದ. ಆಮೇಲೆ ಯಾರು ಯಾರನ್ನು ನಡೆಸುವುದು? ಹಿಂದಕ್ಕೆ ಓಡಿದವರು ದೋಣಿಗೆ ಮುತ್ತಿಕೊಂಡು ಹೊಳೆಯಲ್ಲಿ ಮುಳುಗಿದರು. ಸತ್ತವರು ನೂರಾರು. ಏಷ್ಯಾದಲ್ಲಿ ತಮಗೆ ಇಂಥ ಅವಮಾನ ಆಗಿರಲಿಲ್ಲ ಎಂದು ಪೋರ್ಚುಗೀಸರೇ ಒಪ್ಪಿಕೊಂಡರು.

ಆ ಗೆಲುವಿನ ನಂತರ ಕುಂಞಾಲಿ ಅರಸರೊಂದಿಗೆ ರಾಜಿ ಮಾಡಿಕೊಳ್ಳಬಹುದಿತ್ತೇ? ಮಾಡಿಕೊಂಡಿದ್ದರೂ ಪೋರ್ಚುಗೀಸರು ಬಿಡುತ್ತಿದ್ದರೇ? ಹೇಳಲಿಕ್ಕೆ ಬರುವುದಿಲ್ಲ. ಕೆಲವು ತಿಂಗಳಲ್ಲೇ ಅಂದ್ರೆ ಫುರ್ಟಾಡೊ ಡಿ ಮೆಂಡೊನ್ಸ ಎಂಬ ಪಳಗಿದ ಕಪ್ತಾನ ಬಂದ. ಅವನು ರಾತ್ರಿ ನುಗ್ಗುವ ಆಟಕ್ಕೆ ಹೋಗಲಿಲ್ಲ. ಕಡಲಿನ ಬಾಯಿ ಮುಚ್ಚಿದ, ಹೊಳೆಯನ್ನು ಕಾದ. ನೆಲದ ಕಡೆ ಸಾಮೂದಿರಿಯ ಸೈನ್ಯ ಕಾದಿತು. ಮೂವತ್ತು ವರ್ಷದ ಹಿಂದೆ ಚಾಲಿಯಂನಲ್ಲಿ ಮರಕ್ಕಾರರು ಯಾವ ಉಪಾಯದಿಂದ ಗೆದ್ದಿದ್ದರೋ ಅದೇ ಉಪಾಯ, ಹಸಿವು. ಉಳ್ಳಾಲದ ರಾಣಿಯ ಅಕ್ಕಿ ಬಂದದ್ದು ಈ ಹೊತ್ತಿಗೆ. ಪೋರ್ಚುಗೀಸರು ತೆಂಕಿಗೂ ಬಡಗಿಗೂ ಕಡಲನ್ನೆಲ್ಲ ಕಾಯುತ್ತಿದ್ದ ಕಾಲದಲ್ಲಿ ಅಕ್ಕಿ ಮುಡಿ ತುಂಬಿದ ದೋಣಿ ಅಷ್ಟು ದೂರ ಕಳಿಸುವುದೆಂದರೆ ಸಣ್ಣ ಧೈರ್ಯ ಅಲ್ಲ. ಮಂಗಳೂರಿನ ಕೋಟೆಯಲ್ಲಿ ಅವರು ಕೂತಿರುವಾಗಲೇ ಕಳಿಸಿದ್ದು! ಆದರೆ ಅದು ಎಷ್ಟು ದಿನಕ್ಕೆ ಸಾಕು. ಪಡೆಯಲ್ಲಿ ಕೆಲವರು ರಾತ್ರಿ ಹೊತ್ತು ಗೋಡೆ ದಾಟಿ ಹೋಗತೊಡಗಿದರು.

ಕುಂಞಾಲಿ ಶರಣಾಗಲು ಒಪ್ಪಿದರು. ಪೋರ್ಚುಗೀಸರಿಗಲ್ಲ, ತನ್ನ ಅರಸರಿಗೆ. ಪ್ರಾಣಕ್ಕೆ ಅಪಾಯ ಮಾಡುವುದಿಲ್ಲ ಎಂದು ಸಾಮೂದಿರಿ ಮಾತು ಕೊಟ್ಟರು. ಅದೇ ಸಾಮೂದಿರಿ ಅವರನ್ನು ಫುರ್ಟಾಡೊನ ಕೈಗೆ ಒಪ್ಪಿಸುವುದಾಗಿಯೂ ಮಾತು ಕೊಟ್ಟಿದ್ದರು. 1600ರ ಮಾರ್ಚ್ 16ರಂದು ಕೋಟೆಯ ಬಾಗಿಲು ತೆರೆಯಿತು. ಮೊದಲು ಗಾಯಾಳುಗಳು, ಹಸಿವಿನಿಂದ ಬಡವಾದ ಆಳುಗಳು, ಹೆಂಗಸರು, ಮಕ್ಕಳು ಹೊರಬಂದರು. ಅವರನ್ನು ಹೋಗಬಿಟ್ಟರು. ಕೊನೆಗೆ ಕುಂಞಾಲಿ, ತಲೆಗೆ ಕಪ್ಪು ವಸ್ತ್ರ, ಕೈಯಲ್ಲಿ ಮೊನೆ ಕೆಳಗೆ ಮಾಡಿ ಹಿಡಿದ ಕತ್ತಿ. ನೇರ ಅರಸರ ಮುಂದೆ ಹೋಗಿ ಕತ್ತಿ ಒಪ್ಪಿಸಿದರು. ನಾಲ್ಕು ತಲೆಮಾರು ಯಾರಿಗೋಸ್ಕರ ಆ ಕತ್ತಿ ಹಿಡಿದಿದ್ದರೋ ಅವರಿಗೇ ಹಿಂದಕ್ಕೆ ಕೊಟ್ಟ ಹಾಗೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಫುರ್ಟಾಡೊ ಅವರ ತೋಳು ಹಿಡಿದು ತನ್ನ ಕಡೆಗೆ ಎಳೆದುಕೊಂಡ.

ಆಗ ಗಲಾಟೆ ಎಬ್ಬಿಸಿದವರು ಯಾರು ಗೊತ್ತುಂಟಾ? ಸಾಮೂದಿರಿಯ ನಾಯರ್ ಸೈನಿಕರೇ. ಇಷ್ಟು ದಿನ ಆ ಕೋಟೆಯ ವಿರುದ್ಧ ಕಾದಾಡಿದವರೇ, ಮಾತು ಕೊಟ್ಟು ಹೀಗೆ ಮಾಡಬಹುದೇ ಎಂದು ಕೆರಳಿ ನಿಂತರು. ಇದನ್ನು ಹಿಂದೂ ಮುಸ್ಲಿಂ ಜಗಳ ಎಂದು ಹೇಳುವವರು ಎರಡೂ ಕಡೆ ಇದ್ದಾರೆ, ಅವರು ಈ ನಾಯರ್‌ಗಳನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು. ಪೋರ್ಚುಗೀಸರು ಆ ಗಲಾಟೆ ಅಡಗಿಸಿ ಕುಂಞಾಲಿಯವರನ್ನು ಹಡಗಿಗೆ ಸಾಗಿಸಿದರು. ಕೋಟೆಯನ್ನು ನೆಲಸಮ ಮಾಡಿದರು.

ಅವರ ಜೊತೆ ಸುಮಾರು 40 ಜನರನ್ನು ಗೋವಾಕ್ಕೆ ಒಯ್ದರು. ಸೆರೆಮನೆಯಲ್ಲಿ ಪಾದ್ರಿಗಳು ಬಂದು ಮತ ಬದಲಿಸುವಂತೆ ಹೇಳಿದರು. ಅವರು ಒಪ್ಪಲಿಲ್ಲ. ವೈಸರಾಯನ ಎದುರಿಗೆ, ಸೇರಿದ ಜನರ ನಡುವೆ ಅವರ ತಲೆ ಕಡಿದರು. ದೇಹವನ್ನು ನಾಲ್ಕು ತುಂಡು ಮಾಡಿ ಪಣಜಿ ಮತ್ತು ಬಾರ್ದೇಸಿನ ಕಡಲ ಬದಿಯಲ್ಲಿ ಜನ ನೋಡಲೆಂದು ಇಟ್ಟರು. ತಲೆಗೆ ಉಪ್ಪು ಹಾಕಿ ಕಣ್ಣೂರಿಗೆ ಕಳಿಸಿ, ಕಂಬದ ಮೇಲೆ ನಿಲ್ಲಿಸಿದರು. ಮಲಬಾರಿನ ನಾವಿಕರು ಅದನ್ನು ನೋಡಬೇಕು, ಅದಕ್ಕೆ. ಅವರಿಗೆ ಒಂದು ಖಬರ್ ಸಹ ಇಲ್ಲ.

ಸಾಮೂದಿರಿಗೆ ಲಾಭವಾಯಿತೇ ಅಂದರೆ, ಇಲ್ಲ. ಅವರಿಗೆ ತೊಂದರೆ ಕೊಡುತ್ತಿದ್ದ ಪಡೆ ಹೋಯಿತು, ಅವರನ್ನು ಕಾಯುತ್ತಿದ್ದ ಪಡೆಯೂ ಅದೇ ಆಗಿತ್ತು. ನಾಲ್ಕೇ ವರ್ಷ. 1604ರಲ್ಲಿ ಡಚ್ಚರ ಹಡಗುಗಳು ಬಂದಾಗ ಅದೇ ಅರಸುಮನೆ ಅವರೊಂದಿಗೆ ಪೋರ್ಚುಗೀಸರ ವಿರುದ್ಧ ಒಪ್ಪಂದ ಮಾಡಿಕೊಂಡಿತು. ಆಮೇಲೆ ಇಂಗ್ಲಿಷರ ಹತ್ತಿರವೂ ಮಾತಾಡಿತು. ಮನೆಯ ನೌಕಾಪಡೆ ಇಲ್ಲದ ಅರಸ ಕಡಲ ಮೇಲೆ ಒಬ್ಬ ಪರಕೀಯನನ್ನು ಓಡಿಸಲು ಇನ್ನೊಬ್ಬ ಪರಕೀಯನನ್ನು ಕರೆಯಬೇಕಾಯಿತು.

ಕುಂಞಾಲಿ ಮನೆತನದ ಒಬ್ಬ ಹುಡುಗ ಪೋರ್ಚುಗೀಸರ ಕೈಗೆ ಸಿಕ್ಕಿ ಗೋವಾದಲ್ಲಿ ಬೆಳೆದ. ಅವನಿಗೆ ಡೋಮ್ ಪೆದ್ರೊ ರಾಡ್ರಿಗಸ್ ಎಂದು ಹೆಸರಿಟ್ಟು, ಕ್ರೈಸ್ತನನ್ನಾಗಿ ಮಾಡಿ, ಮದುವೆಯನ್ನೂ ಮಾಡಿಸಿದರು. ಅವರ ಹಡಗಿನ ವಿದ್ಯೆ, ಯುದ್ಧದ ವಿದ್ಯೆ ಎಲ್ಲ ಕಲಿತ ಮೇಲೆ ಒಂದು ದಿನ ತಪ್ಪಿಸಿಕೊಂಡು ಮಲಬಾರಿಗೆ ಬಂದು ಅಲಿ ಮರಕ್ಕಾರ್ ಎಂದು ಹೆಸರಿಟ್ಟುಕೊಂಡ. ಸಿಲೋನಿನವರೆಗೂ ಪೋರ್ಚುಗೀಸರ ಹಡಗುಗಳನ್ನು ಕಾಡಿದ. ಆದರೆ ಅವನ ಬೆನ್ನಿಗೆ ಕೋಟೆಯೂ ಇರಲಿಲ್ಲ, ಅರಸನೂ ಇರಲಿಲ್ಲ. ಅದು ಒಬ್ಬ ಮನುಷ್ಯನ ಸೇಡು, ಒಂದು ರಾಜ್ಯದ ರಕ್ಷಣೆ ಅಲ್ಲ.

ಈಗ ನಮ್ಮ ದೇಶದಲ್ಲಿ ಆ ಹಳೆಯ ಕೆಲಸಗಳನ್ನು ಎರಡು ಪಾಲು ಮಾಡಿಟ್ಟಿದ್ದಾರೆ. ಹೊರಗಿನ ಶತ್ರುವಿಗೆ ನೌಕಾಪಡೆ, ಕರಾವಳಿ ಕಾವಲಿಗೆ 1970ರ ದಶಕದ ಕೊನೆಯಲ್ಲಿ ಹುಟ್ಟಿದ ಕೋಸ್ಟ್ ಗಾರ್ಡ್. ಮುಂಬೈಯ ಕೊಲಾಬಾದಲ್ಲಿ ಭಾರತೀಯ ನೌಕಾಪಡೆಯ ಒಂದು ನೆಲೆಗೆ ಐಎನ್‌ಎಸ್ ಕುಂಞಾಲಿ ಎಂದು ಹೆಸರುಂಟು. ಕೋಸ್ಟ್ ಗಾರ್ಡಿನ ಒಂದು ಹಡಗಿಗೆ ರಾಣಿ ಅಬ್ಬಕ್ಕ ಎಂದು ಹೆಸರು. ಹೆಸರಿಟ್ಟವರಿಗೆ ಆ ಅಕ್ಕಿಯ ದೋಣಿಗಳು ನೆನಪಿದ್ದವೋ ಇಲ್ಲವೋ. ಕುಂಞಾಲಿ ತೀರಿ 400 ವರ್ಷವಾದಾಗ, 2000ದ ಡಿಸೆಂಬರಿನಲ್ಲಿ, ಅಂಚೆ ಇಲಾಖೆ ಒಂದು ಸ್ಟ್ಯಾಂಪ್ ಹೊರಡಿಸಿತು. ಅದರಲ್ಲಿ ಅವರ ಮುಖ ಇಲ್ಲ, ದೋಣಿ ಉಂಟು.

ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಹೋಗುವವರು ನಮ್ಮಲ್ಲಿ ಎಷ್ಟೋ ಜನ. ಆಸ್ಪತ್ರೆಗೆ, ವ್ಯಾಪಾರಕ್ಕೆ, ನೆಂಟರ ಮನೆಗೆ. ವಡಗರ ಸ್ಟೇಶನ್ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿ ಒಂದು ಹೊಳೆ ದಾಟುತ್ತದೆ. ಅಲ್ಲಿ ಬಲಗಡೆಯ ಕಿಟಕಿಯಿಂದ ಪಡುವಣಕ್ಕೆ ನೋಡಬೇಕು. ತೆಂಗಿನ ತೋಟಗಳ ಆಚೆ ಆ ಹೊಳೆ ಕಡಲು ಸೇರುವಲ್ಲಿಯೇ ಕೋಟೆ ಇದ್ದದ್ದು. ಇರಿಂಗಲ್‌ನಲ್ಲಿ ಇಳಿದರೆ ಕೇರಳದ ಪುರಾತತ್ವ ಇಲಾಖೆ ನೋಡಿಕೊಳ್ಳುವ ಒಂದು ಸಣ್ಣ ಹಳೆ ಮನೆಯೂ ಅದರ ಪಕ್ಕ ಮ್ಯೂಸಿಯಮ್ಮೂ ಉಂಟು, ಹಳೆ ಕತ್ತಿಗಳು, ಫಿರಂಗಿಯ ಗುಂಡುಗಳು ಉಂಟು. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆಳಗ್ಗಿನ ಗಾಡಿಗೆ ಹೊರಟರೆ ಸಂಜೆಯೊಳಗೆ ಮನೆಗೆ ಮುಟ್ಟಬಹುದು.